ಲೈ, ಲೇ, ರೈಜ಼್, ರೇಜ಼್: ಒಂದೇ ನಮೂನಿ ಕೇಳಿಸುವ ಇಂಗ್ಲಿಷ್ ಕ್ರಿಯಾಪದಗಳನ್ನು ಬೇರೆ ಮಾಡುವುದು ಹೇಗೆ?

ಕೇಂದ್ರ ಸರ್ಕಾರಿ ನೌಕರಿಯ ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಗಳ ಇಂಗ್ಲಿಷ್ ಪತ್ರಿಕೆಯಲ್ಲಿ ತಪ್ಪು ಹುಡುಕುವ ಪ್ರಶ್ನೆಗಳು ಬರುತ್ತವೆ. ಕಲಬುರಗಿಯ ಲೈಬ್ರರಿಗಳಲ್ಲಿ ಬೆಳಗ್ಗೆಯಿಂದ ಕೂತು ಓದುವ ಹುಡುಗ ಹುಡುಗಿಯರು ಗಣಿತ, ರೀಸನಿಂಗ್ ಎಲ್ಲ ದಾಟಿ ಬಂದು ಇಲ್ಲಿ ಅಂಕ ಬಿಡುತ್ತಾರೆ. 'ದ ಪ್ರೈಸಸ್ ವರ್ ರಿಜ಼ನ್' ಅಂತ ಓದಿದರೆ ಕಿವಿಗೆ ಏನೂ ಚುಚ್ಚುವುದಿಲ್ಲ. 'ಐ ಲೇಡ್ ಆನ್ ದ ಬೆಡ್' ಕೂಡ ಸರಿಯಾಗಿಯೇ ಕೇಳಿಸುತ್ತದೆ. ಎರಡೂ ತಪ್ಪು.

'ಸರ್, ನಾವು ಕನ್ನಡ ಮೀಡಿಯಂದವರು, ಅದಕ್ಕೇ ಹಿಂಗಾಗ್ತದ' ಅನ್ನುವ ಮಾತು ಕ್ಲಾಸಿನಲ್ಲಿ ಆಗಾಗ ಕೇಳುತ್ತೇನೆ. ನಾನು ಒಪ್ಪುವುದಿಲ್ಲ. ಈ ಗೊಂದಲಗಳಲ್ಲಿ ಅತ್ಯಂತ ಕಠಿಣವಾದ ಗುಂಪನ್ನು ಬಿಡಿಸಲು ಕನ್ನಡ ವ್ಯಾಕರಣವೇ ಸಾಕು, ಅದೂ ಹೈಸ್ಕೂಲಿನಲ್ಲಿ ಓದಿ ಮರೆತ ಒಂದೇ ಪಾಠ. ಉಳಿದ ಒಂದೆರಡು ಗುಂಪಿಗೆ ಕಲಬುರಗಿ, ಬೀದರ್ ಕಡೆಯವರಿಗೆ ಉರ್ದುವಿನ ಲಾಭವೂ ಇದೆ.

ಓದುವ ಮೊದಲು ಒಂದು ಸೂಚನೆ. ಉರ್ದು ಬಲ್ಲವರು 'ಜ಼ಮೀನ್', 'ಜ಼ರೂರ್' ಅನ್ನುವಾಗ ಹಲ್ಲಿನ ಹಿಂದೆ ಒಂದು ಗುಂಯ್ ಸದ್ದು ಬರುತ್ತದಲ್ಲ, ಅದನ್ನು ಇಲ್ಲಿ ಚುಕ್ಕಿ ಇಟ್ಟ ಜ಼ ಎಂದು ಬರೆದಿದ್ದೇನೆ. ಸ್ಪೆಲ್ಲಿಂಗ್ ಮುಖ್ಯವಾದಲ್ಲಿ ಅಕ್ಷರಗಳನ್ನು ಬಿಡಿಸಿ ಕೊಟ್ಟಿದ್ದೇನೆ.

ಹಂತ 1: ಗೊಂದಲ ಯಾವ ಬಗೆಯದು ಅಂತ ಮೊದಲು ನೋಡಿ

ಎಲ್ಲ ಜೋಡಿಗಳಿಗೂ ಒಂದೇ ಔಷಧಿ ಇಲ್ಲ. ಹಾಗಾಗಿ ಪಟ್ಟಿ ಬಾಯಿಪಾಠ ಮಾಡುವ ಮೊದಲು ಎರಡು ಪದಗಳ ನಡುವಿನ ಸಂಬಂಧ ಏನು ಅಂತ ಕೇಳಿಕೊಳ್ಳಿ. ಒಂದು ತಾನಾಗಿ ಆಗುವುದು, ಇನ್ನೊಂದು ಮಾಡಿಸುವುದೇ? ರೈಜ಼್, ರೇಜ಼್ ಹಾಗಿವೆ. ಅಥವಾ ಸದ್ದಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೇ? ಲೂಜ಼್, ಲೂಸ್ ಹಾಗೆ. ಸದ್ದು ಪೂರ್ತಿ ಒಂದೇ ಆಗಿದ್ದು ಸ್ಪೆಲ್ಲಿಂಗ್ ಮಾತ್ರ ಬೇರೆಯೇ? ಒಡೆಯುವ ಬ್ರೇಕ್, ಗಾಡಿಯ ಬ್ರೇಕ್ ಹಾಗೆ. ಇಲ್ಲವೇ ಸಂಬಂಧವೇ ಇಲ್ಲದೆ ಬರೀ ಮುಖ ಹೋಲುತ್ತದೆಯೇ? ಅಡಾಪ್ಟ್, ಅಡ್ಯಾಪ್ಟ್ ಹಾಗೆ. ಬಗೆ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಹಂತ 2: 'ಏನನ್ನು?' ಅಂತ ಕೇಳಿ

ಈ ಲೇಖನದ ಜೀವಾಳ ಈ ಹಂತವೇ. ಸಮಯ ಕಡಿಮೆ ಇದ್ದವರು ಇದನ್ನೂ ಮುಂದಿನ ಹಂತವನ್ನೂ ಓದಿದರೂ ಸಾಕು.

ಏರು, ಏರಿಸು. ಏಳು, ಎಬ್ಬಿಸು. ಮಲಗು, ಮಲಗಿಸು. ಕುಂದ್ರು, ಕುಂದ್ರಿಸು. ಬೀಳು, ಬೀಳಿಸು. ಕನ್ನಡ ಮಾತಾಡುವ ಯಾರೂ ಇವುಗಳಲ್ಲಿ ತಪ್ಪುವುದಿಲ್ಲ. 'ತೊಗರಿ ರೇಟ್ ಏರ್ತು' ಅನ್ನುತ್ತೇವೆ, 'ಸರ್ಕಾರ ರೇಟ್ ಏರಿಸ್ತು' ಅನ್ನುತ್ತೇವೆ. ಇದನ್ನು ಅದಲುಬದಲು ಮಾಡಿ 'ಸರ್ಕಾರ ರೇಟ್ ಏರ್ತು' ಅಂದರೆ ನಾಲ್ಕು ವರ್ಷದ ಮಗುವೂ ನಗುತ್ತದೆ. ಏರಿಸು ಅಂದ ಕೂಡಲೇ 'ಏನನ್ನು?' ಅಂತ ಪ್ರಶ್ನೆ ಹುಟ್ಟುತ್ತದೆ, ಏರು ಅಂದರೆ ಹುಟ್ಟುವುದಿಲ್ಲ. ಶಾಲೆಯಲ್ಲಿ ಇದನ್ನೇ ಸಕರ್ಮಕ, ಅಕರ್ಮಕ ಅಂತ ಹೇಳಿಕೊಟ್ಟಿದ್ದು.

ಇಂಗ್ಲಿಷಿನ ರೈಜ಼್, ರೇಜ಼್ ಕೂಡ ಇದೇ ಜೋಡಿ. ಲೈ, ಲೇ ಇದೇ. ಸಿಟ್, ಸೆಟ್ ಇದೇ. ಫಾಲ್, ಫೆಲ್ ಇದೇ. ಬಹಳ ಹಿಂದೆ ಜರ್ಮನಿಕ್ ಭಾಷೆಗಳಲ್ಲಿ ನಮ್ಮ 'ಇಸು'ವಿನಂಥದೇ ಒಂದು ಪ್ರತ್ಯಯ ಇತ್ತು. ಕಾಲ ಕಳೆದಂತೆ ಆ ಪ್ರತ್ಯಯ ಸವೆದು ಉದುರಿತು, ಪದದ ನಡುವಿನ ಸ್ವರ ಬದಲಾದದ್ದು ಮಾತ್ರ ಉಳಿಯಿತು. ತೋಯಿಸು ಅನ್ನುವ ಅರ್ಥದ ಡ್ರೆಂಚ್ ಕೂಡ ಮೂಲದಲ್ಲಿ ಡ್ರಿಂಕ್ ಪದದ 'ಕುಡಿಸು' ರೂಪ. ಬಾಲ ಉದುರಿಹೋದ ಕಾರಣ ಇಂದಿನ ಇಂಗ್ಲಿಷಿನವರಿಗೇ ಈ ಸಂಬಂಧ ಕಾಣುವುದಿಲ್ಲ. 'ಲೈ ಡೌನ್' ಅನ್ನಬೇಕಾದಲ್ಲಿ 'ಲೇ ಡೌನ್' ಅಂತ ತಪ್ಪಾಗಿ ಹೇಳುವ ಇಂಗ್ಲಿಷ್ ಮಾತೃಭಾಷಿಕರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಭಾಷೆಯಲ್ಲಿ 'ಇಸು' ಇನ್ನೂ ಗಟ್ಟಿಯಾಗಿ ನಿಂತಿದೆ, ಅದನ್ನು ಬಳಸಿಕೊಳ್ಳಿ.

ತೊಗರಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಕೇಂದ್ರ ಸರ್ಕಾರ ತೊಗರಿಯ ಬೆಂಬಲ ಬೆಲೆಯನ್ನು 2024-25ರ 7,550 ರೂಪಾಯಿಯಿಂದ 2025-26ಕ್ಕೆ ಕ್ವಿಂಟಾಲಿಗೆ 8,000 ರೂಪಾಯಿಗೆ ಏರಿಸಿತು. ಏನನ್ನು ಏರಿಸಿತು? ಬೆಲೆಯನ್ನು. ಉತ್ತರ ಸಿಕ್ಕಿತು, ಹಾಗಾದರೆ ರೇಜ಼್: 'ದ ಗವರ್ನ್‌ಮೆಂಟ್ ರೇಜ಼್ಡ್ ದ ಪ್ರೈಸ್.' ಮಾರುಕಟ್ಟೆಯಲ್ಲಿ ಆವಕ ಕಡಿಮೆಯಾಗಿ ರೇಟ್ ತಾನೇ ಏರಿದರೆ ಏನನ್ನು ಅಂತ ಕೇಳಲು ಬರುವುದಿಲ್ಲ: 'ದ ಪ್ರೈಸ್ ರೋಜ಼್.' ಭೀಮಾ ನದಿಯದ್ದೂ ಹಾಗೇ. ಮೇಲೆ ಉಜನಿಯಿಂದ ನೀರು ಬಿಟ್ಟರೆ ನದಿ ರೈಜ಼್ ಆಗುತ್ತದೆ. ಸೊನ್ನ ಬ್ಯಾರೇಜಿನ ಗೇಟ್ ಎತ್ತುವವರು ಗೇಟನ್ನು ರೇಜ಼್ ಮಾಡುತ್ತಾರೆ.

ಲೈ ಅಂದರೆ ಮಲಗು, ಬಿದ್ದಿರು, ಒಂದು ಕಡೆ ಇರು. ಲೇ ಅಂದರೆ ಮಲಗಿಸು, ಇಡು, ಹಾಸು. ಯಾದಗಿರಿ ಜಿಲ್ಲೆಯ ಶಹಾಪುರದ ಬೆಟ್ಟ ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಆ ಬುದ್ಧ ಲೈ. ಮನೆಯಲ್ಲಿ ಶಹಾಬಾದಿನ ಪರ್ಸಿ (ನೆಲಕ್ಕೆ ಹಾಸುವ ಕಲ್ಲು) ಹಾಸುವ ಮೇಸ್ತ್ರಿ ಲೇ. ಏನನ್ನು ಹಾಸುತ್ತಾನೆ? ಪರ್ಸಿಯನ್ನು. ಕೋಳಿ ಮೊಟ್ಟೆ ಇಡುವುದೂ ಲೇ, ಯಾಕಂದರೆ ಮೊಟ್ಟೆಯನ್ನು. ಬೀದರಿನ ಬಿದ್ರಿ ಕೆಲಸದಲ್ಲಿ ಸತು, ತಾಮ್ರದ ಮಿಶ್ರಲೋಹದ ಮೇಲೆ ಗೀರು ಕೊರೆದು ಬೆಳ್ಳಿ ತಂತಿಯನ್ನು ಕೂಡಿಸುತ್ತಾರೆ. ಅದನ್ನು ಇಂಗ್ಲಿಷಿನಲ್ಲಿ 'ಇನ್‌ಲೇ' ಅನ್ನುತ್ತಾರೆ, ಒಳಗೆ ಲೇ ಮಾಡುವುದು.

ಸಿಟ್, ಸೆಟ್ ಜೋಡಿಯಲ್ಲಿ ಒಂದು ಕಿರಿಕಿರಿ ಇದೆ. ಸಾಮಾನ್ಯವಾಗಿ ಸೆಟ್ ಅಂದರೆ ಇಡು, ಕೂಡಿಸು. ಆದರೆ ಸೂರ್ಯ ಮುಳುಗುವುದೂ ಸೆಟ್, ವಾಡಿಯ ಸಿಮೆಂಟ್ ಗಟ್ಟಿಯಾಗುವುದೂ ಸೆಟ್. ಅಲ್ಲಿ 'ಏನನ್ನು' ಕೆಲಸ ಮಾಡುವುದಿಲ್ಲ. ಈ ಎರಡನ್ನು ಬೇರೆಯಾಗಿ ನೆನಪಿಡಬೇಕು.

ಫಾಲ್ ಅಂದರೆ ಬೀಳು, ಫೆಲ್ ಅಂದರೆ ಕಡಿದು ಉರುಳಿಸು. ರಸ್ತೆ ಅಗಲ ಮಾಡಲು ಬೇವಿನ ಮರ ಕಡಿದರೆ 'ದೇ ಫೆಲ್ಡ್ ದ ಟ್ರೀ.' ಗಾಳಿಗೆ ಬಿದ್ದರೆ 'ದ ಟ್ರೀ ಫೆಲ್.' ಫಾಲ್ ಪದದ ಭೂತಕಾಲ ಫೆಲ್, ಉರುಳಿಸುವುದರ ವರ್ತಮಾನವೂ ಫೆಲ್. ಇಂಥ ಚೇಷ್ಟೆ ಮುಂದಿನ ಹಂತದಲ್ಲಿ ಇನ್ನೂ ಇದೆ.

ಪರೀಕ್ಷೆಗೆ ಕೂರುವವರಿಗೆ ಒಂದು ಅಡ್ಡದಾರಿ: ವಾಸ್, ವರ್, ಬೀನ್ ಇವುಗಳ ಜೊತೆ ಕರ್ಮಣಿ ಪ್ರಯೋಗ ಮಾಡುವಾಗ 'ಇಸು' ಜಾತಿಯ ಪದ ಮಾತ್ರ ಹೊಂದುತ್ತದೆ. ಬೆಲೆ 'ಏರಿಸಲ್ಪಟ್ಟಿತು' ಅನ್ನಬಹುದು, 'ಏರಲ್ಪಟ್ಟಿತು' ಅನ್ನಲಾಗದು. ಆದ್ದರಿಂದ 'ದ ಪ್ರೈಸಸ್ ವರ್ ರೇಜ಼್ಡ್' ಸರಿ, 'ವರ್ ರಿಜ಼ನ್' ತಪ್ಪು. ಹ್ಯಾವ್, ಹ್ಯಾಸ್ ಮುಂದೆ ರಿಜ಼ನ್ ಬಂದರೆ ತೊಂದರೆ ಇಲ್ಲ: 'ಪ್ರೈಸಸ್ ಹ್ಯಾವ್ ರಿಜ಼ನ್.'

ಹಂತ 3: ಮೂರು ರೂಪಗಳನ್ನು ಬರೆದು ಗೋಡೆಗೆ ಅಂಟಿಸಿ

ಲೈ, ಲೇ ಇಷ್ಟು ಕುಖ್ಯಾತವಾಗಲು ಕಾರಣ ಇಲ್ಲಿದೆ. ಮಲಗು ಅನ್ನುವ ಲೈ ಪದದ ಭೂತಕಾಲ 'ಲೇ'. ಅಂದರೆ ಮಲಗಿಸು ಅನ್ನುವ ಪದದ ವೇಷವನ್ನೇ ಇದೂ ಹಾಕಿಕೊಂಡು ಬರುತ್ತದೆ. ಸಾಲದ್ದಕ್ಕೆ ಸುಳ್ಳು ಹೇಳು ಅನ್ನುವ ಇನ್ನೊಂದು ಲೈ ಬೇರೆ.

ಮಲಗು: ಲೈ, ಲೇ, ಲೇನ್.
ಇಡು, ಹಾಸು: ಲೇ, ಲೇಡ್, ಲೇಡ್.
ಸುಳ್ಳು ಹೇಳು: ಲೈ, ಲೈಡ್, ಲೈಡ್.

ಇಡುವುದರ 'ಲೇಡ್' ಸ್ಪೆಲ್ಲಿಂಗ್ ಎಲ್-ಎ-ಐ-ಡಿ. ಇದನ್ನು ನೆನಪಿಡಲು ಎಲ್ಲೂ ಹೋಗಬೇಕಾಗಿಲ್ಲ, ಸರ್ಕಾರಿ ಕಟ್ಟಡದ ಶಂಕುಸ್ಥಾಪನೆಯ ಇಂಗ್ಲಿಷ್ ಫಲಕ ನೋಡಿ: 'ಫೌಂಡೇಶನ್ ಸ್ಟೋನ್ ಲೇಡ್ ಬೈ', ಆಮೇಲೆ ಮಂತ್ರಿಗಳ ಹೆಸರು. ಕಲ್ಲನ್ನು ಇಟ್ಟರು, ಹಾಗಾಗಿ ಲೇಡ್. ನೀವು ನಿನ್ನೆ ಮಧ್ಯಾಹ್ನ ಮಲಗಿದ್ದಾದರೆ ಏನನ್ನೂ ಇಟ್ಟಿಲ್ಲ: 'ಐ ಲೇ ಡೌನ್ ಯೆಸ್ಟರ್‌ಡೇ.' ಮೊದಮೊದಲು ಹೇಳುವಾಗ ತಪ್ಪು ಮಾಡುತ್ತಿದ್ದೇನೆ ಅನಿಸುತ್ತದೆ. ಅನಿಸಲಿ.

ಮಲಗಿರುವುದು, ಸುಳ್ಳು ಹೇಳುತ್ತಿರುವುದು ಎರಡೂ 'ಲೈಯಿಂಗ್', ಸ್ಪೆಲ್ಲಿಂಗ್ ಎಲ್-ವೈ-ಐ-ಎನ್-ಜಿ. ಹಾಸುತ್ತಿರುವುದು 'ಲೇಯಿಂಗ್', ಎಲ್-ಎ-ವೈ-ಐ-ಎನ್-ಜಿ. 'ದ ಫೈಲ್ ಈಸ್ ಲೇಯಿಂಗ್ ಆನ್ ದ ಟೇಬಲ್' ಅಂತ ಕಚೇರಿಗಳಲ್ಲಿ ಬರೆಯುತ್ತಾರೆ. ಫೈಲ್ ಮೊಟ್ಟೆ ಇಡುತ್ತಿಲ್ಲವಲ್ಲ, ಸುಮ್ಮನೆ ಬಿದ್ದಿದೆ, ಆದ್ದರಿಂದ ಲೈಯಿಂಗ್.

ಉಳಿದವು: ರೈಜ಼್, ರೋಜ಼್, ರಿಜ಼ನ್. ರೇಜ಼್, ರೇಜ಼್ಡ್, ರೇಜ಼್ಡ್. ಸಿಟ್, ಸ್ಯಾಟ್, ಸ್ಯಾಟ್. ಸೆಟ್ ಮೂರೂ ಕಡೆ ಸೆಟ್. ಫಾಲ್, ಫೆಲ್, ಫಾಲನ್. ಫೆಲ್, ಫೆಲ್ಡ್, ಫೆಲ್ಡ್. ಗಮನಿಸಿದಿರಾ? 'ಇಸು' ಪದಗಳು ಬಹುಪಾಲು ಡಿ ಹಚ್ಚಿಕೊಂಡು ಸುಮ್ಮನಾಗುತ್ತವೆ, ತಾನಾಗಿ ಆಗುವ ಪದಗಳು ಒಳಗಿನ ಸ್ವರ ಬದಲಿಸುತ್ತವೆ. ಸೆಟ್ ಇದಕ್ಕೆ ಹೊರತು.

ಇದೇ ಹಂತದಲ್ಲಿ ಇನ್ನೆರಡು ಜೋಡಿ ಮುಗಿಸಿಬಿಡೋಣ. ಫೈಂಡ್ ಪದದ ಭೂತಕಾಲ ಫೌಂಡ್. ಆದರೆ ಸ್ಥಾಪಿಸು ಅನ್ನುವ ಬೇರೊಂದು ಕ್ರಿಯಾಪದವೇ ಫೌಂಡ್, ಅದರ ಭೂತಕಾಲ ಫೌಂಡೆಡ್. 1347ರಲ್ಲಿ ಬಹಮನಿ ರಾಜ್ಯ ಕಲಬುರಗಿ ರಾಜಧಾನಿಯಾಗಿ ಫೌಂಡೆಡ್, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಫೌಂಡೆಡ್. ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು ಮಾತ್ರ ಫೌಂಡ್. 'ದ ಯೂನಿವರ್ಸಿಟಿ ವಾಸ್ ಫೌಂಡ್ ಇನ್ 1980' ಅಂದರೆ ಕಳೆದುಹೋಗಿದ್ದ ವಿಶ್ವವಿದ್ಯಾಲಯ ಆ ವರ್ಷ ಸಿಕ್ಕಿತು ಅಂತಾಗುತ್ತದೆ.

ಇನ್ನೊಂದು ಜೋಡಿ ಹರಿಯುವುದು ಮತ್ತು ಹಾರುವುದು. ಫ್ಲೋ, ಫ್ಲೋಡ್, ಫ್ಲೋಡ್. ಫ್ಲೈ, ಫ್ಲೂ, ಫ್ಲೋನ್. ಪ್ರವಾಹದ ವರದಿಗಳಲ್ಲಿ 'ದ ರಿವರ್ ಹ್ಯಾಸ್ ಓವರ್‌ಫ್ಲೋನ್' ಅಂತ ಬರುವುದುಂಟು. ನದಿಗೆ ರೆಕ್ಕೆ ಇಲ್ಲ. 'ಓವರ್‌ಫ್ಲೋಡ್' ಅನ್ನಬೇಕು.

ಹಂತ 4: ಸ ಮತ್ತು ಜ಼ ನಡುವೆ ಕಿವಿ ಹದ ಮಾಡಿಕೊಳ್ಳಿ

ಅಚ್ಚಗನ್ನಡದ ಪದಗಳಲ್ಲಿ ಜ಼ ಸದ್ದು ಇಲ್ಲ. ಹೀಗಾಗಿ ರಾಜ್ಯದ ಬೇರೆ ಕಡೆಯ ಎಷ್ಟೋ ಮಂದಿ ರೈಜ಼್ ಮತ್ತು ಅನ್ನದ ರೈಸ್ ಎರಡನ್ನೂ ಒಂದೇ ತರಹ ಹೇಳುತ್ತಾರೆ. ನಮ್ಮ ಕಡೆ ಹಾಗಲ್ಲ. ದರ್ಗಾದ ಸುತ್ತಮುತ್ತಲ ಓಣಿಗಳಲ್ಲಿ ದಖನಿ ಉರ್ದು ಕೇಳುತ್ತ ಬೆಳೆದವರಿಗೆ ನಮಾಜ಼್, ರೋಜ಼ಾ, ಬಾಜ಼ಾರ್ ಕಿವಿಯಲ್ಲೇ ಕೂತಿರುತ್ತವೆ. ಆ ಸದ್ದನ್ನೇ ಇಂಗ್ಲಿಷಿಗೆ ಒಯ್ದರೆ ಆಯಿತು.

ನಿಯಮ ಸರಳ: ಇಂಥ ಜೋಡಿಗಳಲ್ಲಿ ಹೆಸರು ಸ, ಕ್ರಿಯೆ ಜ಼. ಸಲಹೆ ಅಂದರೆ ಅಡ್ವೈಸ್, ಸಲಹೆ ಕೊಡು ಅಂದರೆ ಅಡ್ವೈಜ಼್. ಉಪಯೋಗ ಅಂದರೆ ಯೂಸ್, ಉಪಯೋಗಿಸು ಅಂದರೆ ಯೂಜ಼್. ಮನೆ ಹೌಸ್, ಮನೆಯಲ್ಲಿ ಇರಿಸು ಹೌಜ಼್. ಪ್ರಾಕ್ಟಿಸ್, ಲೈಸೆನ್ಸ್ ಮಾತ್ರ ಈ ನಿಯಮಕ್ಕೆ ಬರುವುದಿಲ್ಲ. ಅವುಗಳ ಸದ್ದು ಎರಡೂ ಕಡೆ ಒಂದೇ, ಬರೆಯುವಾಗ ಬ್ರಿಟಿಷ್ ರೂಢಿಯಂತೆ ಹೆಸರಿಗೆ ಸಿ, ಕ್ರಿಯೆಗೆ ಎಸ್.

ಲೂಜ಼್ ಅಂದರೆ ಕಳೆದುಕೊ, ಸೋಲು. ಇದರಲ್ಲಿ ಒಂದೇ ಒ. ಲೂಸ್ ಅಂದರೆ ಸಡಿಲ, ಎರಡು ಒ. ಕಿರಾಣಿ ಅಂಗಡಿಯಲ್ಲಿ ಲೂಸ್ ಎಣ್ಣೆ ಕೇಳುತ್ತೇವಲ್ಲ, ಅದೇ. ಕಳೆದುಕೊಳ್ಳುವ ಪದ ತನ್ನದೇ ಒಂದು ಒ ಕಳೆದುಕೊಂಡಿದೆ ಅಂತ ನೆನಪಿಟ್ಟರೆ ಅರ್ಜಿಯಲ್ಲಿ 'ಐ ಲೂಸ್ ಮೈ ಮಾರ್ಕ್ಸ್ ಕಾರ್ಡ್' ಅನ್ನುವಂಥದ್ದು ಬರುವುದಿಲ್ಲ. ಕಳೆದುಹೋಗಿದ್ದಕ್ಕಂತೂ 'ಲಾಸ್ಟ್' ಬರೆಯಬೇಕು.

ಲಿವ್, ಲೀವ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹ್ರಸ್ವ, ದೀರ್ಘ ಕನ್ನಡಿಗರಿಗೆ ಹುಟ್ಟಿನಿಂದ ಬಂದದ್ದು. ಬಾಯಲ್ಲಿ ಸರಿ ಹೇಳಿ ಬರೆಯುವಾಗ 'ಐ ಆಮ್ ಲೀವಿಂಗ್ ಇನ್ ಕಲಬುರಗಿ' ಅಂತ ಐ ಅಕ್ಷರದ ಜಾಗದಲ್ಲಿ ಇ-ಎ ಹಾಕುವುದು ಬರೀ ಅಜಾಗರೂಕತೆ.

ಹಂತ 5: ಸದ್ದು ಒಂದೇ ಇದ್ದಾಗ ಭೂತಕಾಲ ಕೇಳಿ

ಒಡೆಯುವ ಬ್ರೇಕ್ ಮತ್ತು ಗಾಡಿ ನಿಲ್ಲಿಸುವ ಬ್ರೇಕ್ ಕೇಳಲು ಒಂದೇ. ಭೂತಕಾಲಕ್ಕೆ ತನ್ನಿ, ಎರಡೂ ದೂರ ಸರಿಯುತ್ತವೆ. ಬ್ರೋಕ್ ಆದರೆ ಒಡೆದದ್ದು, ಸ್ಪೆಲ್ಲಿಂಗ್ ಬಿ-ಆರ್-ಇ-ಎ-ಕೆ. ಬ್ರೇಕ್ಡ್ ಆದರೆ ಚಾಲಕ ಬ್ರೇಕ್ ಹಾಕಿದ್ದು, ಬಿ-ಆರ್-ಎ-ಕೆ-ಇ.

ಬಿತ್ತು ಮತ್ತು ಹೊಲಿ ಎರಡೂ 'ಸೋ', ಇಲ್ಲಿ ಭೂತಕಾಲವೂ ಕೈ ಕೊಡುತ್ತದೆ, ಎರಡೂ 'ಸೋಡ್'. ಬಿತ್ತುವುದಕ್ಕೆ ಎಸ್-ಒ-ಡಬ್ಲ್ಯೂ, ಹೊಲಿಯುವುದಕ್ಕೆ ಎಸ್-ಇ-ಡಬ್ಲ್ಯೂ ಅಂತ ಬಾಯಿಪಾಠವೇ ಗತಿ. ಎತ್ತರಿಸು ಅನ್ನುವ ರೇಜ಼್ ಮತ್ತು ನೆಲಸಮ ಮಾಡು ಅನ್ನುವ ರೇಜ಼್ ಇನ್ನೂ ಅಪಾಯಕಾರಿ: ಸದ್ದು ಒಂದೇ, ಅರ್ಥ ಪೂರ್ತಿ ವಿರುದ್ಧ. ಮೊದಲನೆಯದು ಆರ್-ಎ-ಐ-ಎಸ್-ಇ, ಎರಡನೆಯದು ಆರ್-ಎ-ಜ಼ಡ್-ಇ. ಗೋಡೆ ಎತ್ತರಿಸುವ ಅರ್ಜಿಯಲ್ಲಿ ಜ಼ಡ್ ಬರೆದುಬಿಟ್ಟೀರಿ!

ಮುನ್ನಡೆಸು ಅನ್ನುವ ಲೀಡ್ ಪದದ ಭೂತಕಾಲ ಲೆಡ್, ಎಲ್-ಇ-ಡಿ. ಎ ಸೇರಿಸಿದರೆ ಅದು ಸೀಸ ಅನ್ನುವ ಲೋಹ. ಈ ತಪ್ಪು ಪತ್ರಿಕೆಗಳಲ್ಲೂ ಕಾಣುತ್ತದೆ. 'ವೆಚ್ಚವನ್ನು ಭರಿಸಲಾಗುವುದು' ಅಂತ ಬರೆಯುವಾಗ ಬಾರ್ನ್ ಪದದ ಕೊನೆಗೆ ಇ ಬೇಕು, ಹುಟ್ಟಿದ್ದಕ್ಕೆ ಬೇಡ.

ಹಂತ 6: ಮುಖ ಹೋಲುವ ಪದಗಳಿಗೆ ಒಂದೊಂದು ಸ್ವಂತ ವಾಕ್ಯ ಕಟ್ಟಿ

ಇವಕ್ಕೆ ನಿಯಮ ಇಲ್ಲ. ನಿಮ್ಮ ಬದುಕಿನಿಂದ ವಾಕ್ಯ ತೆಗೆದು ಕಟ್ಟಿ ಹಾಕಬೇಕು.

ಬೆಳೆ ವಿಮೆಯ ಉದಾಹರಣೆ ನೋಡಿ. ರೈತ ತೊಗರಿಗೆ ವಿಮೆ ಮಾಡಿಸುತ್ತಾನೆ, ಅದು ಇನ್ಶೂರ್. ಗುಮಾಸ್ತ 'ಏನೂ ಚಿಂತಿ ಮಾಡಬ್ಯಾಡ್ರಿ, ದುಡ್ಡು ಬರ್ತದ' ಅಂತ ಭರವಸೆ ಕೊಡುತ್ತಾನೆ, ಅದು ಅಶೂರ್. ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ರೈತ ತಾನೇ ಹೋಗಿ ಖಾತ್ರಿ ಮಾಡಿಕೊಳ್ಳುತ್ತಾನೆ, ಅದು ಎನ್ಶೂರ್. ಅಶೂರ್ ಮುಂದೆ ಸಾಮಾನ್ಯವಾಗಿ ಮನುಷ್ಯ ಬರುತ್ತಾನೆ, ಎನ್ಶೂರ್ ಮುಂದೆ ಆಗಬೇಕಾದ ಕೆಲಸ.

ಅಫೆಕ್ಟ್, ಎಫೆಕ್ಟ್ ಬಗ್ಗೆ 'ಮೊದಲನೆಯದು ಕ್ರಿಯೆ, ಎರಡನೆಯದು ಹೆಸರು' ಅಂತ ಹೇಳಿಕೊಡುತ್ತಾರೆ. ಬಹುಪಾಲು ಸರಿ. ನೆಟೆ ರೋಗ ತೊಗರಿಯನ್ನು ಅಫೆಕ್ಟ್ ಮಾಡುತ್ತದೆ, ಇಳುವರಿ ಕುಸಿತ ಅದರ ಎಫೆಕ್ಟ್. ಆದರೆ ಎಫೆಕ್ಟ್ ಕ್ರಿಯಾಪದವೂ ಹೌದು, ಅರ್ಥ 'ಆಗುಮಾಡು, ಜಾರಿಗೆ ತರು'. ಸರ್ಕಾರಿ ಆದೇಶದ 'ವಿತ್ ಎಫೆಕ್ಟ್ ಫ್ರಮ್' ನೆನಪಿಸಿಕೊಳ್ಳಿ, ಅದೇ ಛಾಯೆ. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ಶಿಕ್ಷಣ, ನೌಕರಿಯಲ್ಲಿ ಮೀಸಲಾತಿಗೆ ಅವಕಾಶ ಕೊಡುವ 371(ಜೆ) ವಿಧಿ ಸಿಕ್ಕಿತು. 'ಇಟ್ ಅಫೆಕ್ಟೆಡ್ ಅಡ್ಮಿಷನ್ಸ್' ಅಂದರೆ ಪ್ರವೇಶಗಳ ಮೇಲೆ ಪರಿಣಾಮವಾಯಿತು. 'ಇಟ್ ಎಫೆಕ್ಟೆಡ್ ಎ ಚೇಂಜ್' ಅಂದರೆ ಬದಲಾವಣೆಯನ್ನೇ ತಂದಿತು. 'ಚೇಂಜ್' ಹಿಂದೆ ಖಾಲಿ ಜಾಗ ಬಿಟ್ಟಿದ್ದರೆ ಮೊದಲು ಎಫೆಕ್ಟ್ ಕಡೆ ನೋಡಿ.

ಅಕ್ಸೆಪ್ಟ್ ಒಪ್ಪಿಕೊ, ಎಕ್ಸ್‌ಪೆಕ್ಟ್ ನಿರೀಕ್ಷಿಸು, ಎಕ್ಸೆಪ್ಟ್ ಹೊರತುಪಡಿಸಿ. ಅಡಾಪ್ಟ್ ಅಂಗೀಕರಿಸು, ದತ್ತು ತೆಗೆದುಕೊ: ಸಂವಿಧಾನವನ್ನು 1949ರ ನವೆಂಬರ್ 26ರಂದು ಅಡಾಪ್ಟ್ ಮಾಡಲಾಯಿತು. ಅಡ್ಯಾಪ್ಟ್ ಹೊಂದಿಕೊ, ನಮ್ಮ ಬಿಸಿಲಿಗೆ ಹೊಸದಾಗಿ ಬಂದ ಅಧಿಕಾರಿಗಳು ಮಾಡಬೇಕಾದದ್ದು. ತಂದದ್ದು ಬ್ರಾಟ್, ಕೊಂಡದ್ದು ಬಾಟ್. ಬ್ರಿಂಗ್ ಪದದಲ್ಲಿ ಆರ್ ಇದೆ, ಬ್ರಾಟ್ ಪದದಲ್ಲೂ ಇದೆ.

ಹಂತ 7: ಈಗ ಬರೆದು ನೋಡಿ

ಖಾಲಿ ಜಾಗ ತುಂಬುವ ಮೊದಲು ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ಬಾಯಿಗೆ 'ಇಸು' ಬಂತೇ, ಬರಲಿಲ್ಲವೇ ಅಂತ ಗಮನಿಸಿ.

ಒಂದು: ಶಿ ___ ದ ಬೇಬಿ ಇನ್ ದ ಕ್ರೇಡಲ್ ಅಂಡ್ ___ ಡೌನ್ ಹರ್‌ಸೆಲ್ಫ್.
ಎರಡು: ದ ಬುಕ್ಸ್ ಹ್ಯಾವ್ ___ ಆನ್ ದ ಟೇಬಲ್ ಸಿನ್ಸ್ ಮಂಡೇ.
ಮೂರು: ದ ಆಫೀಸರ್ ___ ದ ಫಾರ್ಮರ್ಸ್ ದಟ್ ದ ಮನಿ ವುಡ್ ಕಮ್.
ನಾಲ್ಕು: ದ ಹೈಟ್ ಆಫ್ ದ ವಾಲ್ ವಾಸ್ ___ ಬೈ ಟೂ ಫೀಟ್.
ಐದು: ಎ ನ್ಯೂ ಪ್ರಾಬ್ಲಮ್ ಹ್ಯಾಸ್ ___.

ಒಂದನೆಯದಕ್ಕೆ ಲೇಡ್, ಆಮೇಲೆ ಲೇ: ಕೂಸನ್ನು ಮಲಗಿಸಿದಳು, ತಾನು ಮಲಗಿದಳು. ಎರಡಕ್ಕೆ ಲೇನ್, ಪುಸ್ತಕಗಳು ತಾವೇ ಬಿದ್ದಿವೆ. ಮೂರಕ್ಕೆ ಅಶೂರ್ಡ್, ಮುಂದೆ ಮನುಷ್ಯರಿದ್ದಾರೆ. ನಾಲ್ಕಕ್ಕೆ ರೇಜ಼್ಡ್, ವಾಸ್ ಇರುವುದರಿಂದ, ಸ್ಪೆಲ್ಲಿಂಗಿನಲ್ಲಿ ಎಸ್ ಇರಲಿ. ಐದರಲ್ಲಿ ಹೆಚ್ಚಿನವರು ರೇಜ಼್ಡ್ ಬರೆಯುತ್ತಾರೆ. ಸಮಸ್ಯೆ ತಾನೇ ಎದ್ದಿದೆ, ಯಾರೂ ಎಬ್ಬಿಸಿಲ್ಲ. ಅರೈಜ಼್, ಅರೋಜ಼್, ಅರಿಜ಼ನ್ ಪದದ ಮೂರನೇ ರೂಪ ಅಲ್ಲಿಗೆ ಬರಬೇಕು: ಅರಿಜ಼ನ್. ಯಾರಾದರೂ ಸಭೆಯಲ್ಲಿ ಎದ್ದು ನಿಂತು ಆ ಸಮಸ್ಯೆಯನ್ನು ಎತ್ತಿದ್ದರೆ ಆಗ ರೇಜ಼್ಡ್.